ಚೌಕಿಯ ಅಡುಗೆಮನೆಯಿಂದ ನನ್ನ ತಾಯಿಯನ್ನು ಬಿಟ್ಟುಕೊಡುವ ಬಗ್ಗೆ

ಇಂದ:
ಮಾಸಿಕಾ, ಕಂಬಾಲೆಯ ಹೆಂಡತಿ,
ಕೆಳಕೇರಿ, ಬುಕೆಂಗೆ ಬೆಟ್ಟ, ಪೂರ್ವ ಕಾಂಗೊ.

ಗೆ:
ಮಾನ್ಯ ಕಮಾಂಡರ್ ಸಾಹೇಬರು,
(ಸದ್ಯಕ್ಕೆ ನಮ್ಮ ಸರ್ಕಾರ),
ಬೆಟ್ಟದ ಮೇಲಿನ ಚೌಕಿ.

ವಿಷಯ: ತನಿಖೆಯ ನೆಪದಲ್ಲಿ ಅಡುಗೆಗಿಟ್ಟುಕೊಂಡಿರುವ ನನ್ನ ತಾಯಿಯ ಬಿಡುಗಡೆ.

ಉಲ್ಲೇಖ: ಮನೆಗೆ ಬಂದ ನೆಂಟರನ್ನು ಕತ್ತಲಾಗುವ ಮುಂಚೆ ವರದಿ ಮಾಡಬೇಕೆಂಬ ತಮ್ಮ ಆಜ್ಞೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಪಡೆ ಈ ಬೆಟ್ಟವನ್ನು ಹಿಡಿದ ಮೇಲೆ ನನ್ನ ಗಂಡನನ್ನು ಹತ್ತು ಮನೆಗಳ ಮುಖ್ಯಸ್ಥನನ್ನಾಗಿ ನೇಮಿಸಲಾಯಿತು. ಅಲ್ಲಿಯವರೆಗೆ ಆತನ ಮಾತನ್ನು ನಮ್ಮ ಮೇಕೆಯೂ ಕೇಳುತ್ತಿರಲಿಲ್ಲ. ಆದಕಾರಣ, ಅಧಿಕಾರ ನೇರ ತಲೆಗೇರಿತು.

1. ನನ್ನ ಬಾಣಂತನಕ್ಕೆಂದು ಕವುಗೊ ಎಂಬ ಹೆಸರಿನ ನನ್ನ ತಾಯಿ, ಹಳೆಯ ಸರ್ಕಾರದ ಹಿಡಿತದಲ್ಲಿರುವ ಊರಿನಿಂದ ಹೊಳೆ ದಾಟಿ ಬಂದಳು. ಆಕೆ ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಗಂಡ ಪೆನ್ನು ತೆಗೆದ.

"ಅತ್ತೆ, ಹೆಸರು ಹೇಳಿ."

"ಮಗಳನ್ನ ಕೊಟ್ಟಾಗ ಗೊತ್ತಿತ್ತಲ್ಲ ಅಳಿಯಂದ್ರೇ, ಈಗ ಮರ್ತೋಯ್ತಾ?"

"ನಿಯಮ ಅತ್ತೆ. ಬೇರೆ ಯಾರಾದ್ರೂ ಹೋಗಿ ಹೇಳಿದ್ರೆ ನನ್ನ ಚರ್ಮ ಸುಲೀತಾರೆ."

2. ವರದಿ ತಲುಪಿದ ಕೂಡಲೇ ತಮ್ಮ ಹುಡುಗರು ಬಂದು, ಶತ್ರುವಿನ ಕಡೆಯವಳೆಂದು ಆಕೆಯನ್ನು ಕರೆದೊಯ್ದರು. ನಾನು ಹೊಟ್ಟೆ ಹಿಡಿದುಕೊಂಡು ಚೌಕಿಯವರೆಗೂ ಹಿಂದೆಯೇ ಬಂದೆ. ಅಲ್ಲಿಗೆ ಹತ್ತಿದವರೆಲ್ಲ ಇಳಿದು ಬರುವುದಿಲ್ಲವೆಂಬುದು ತಮಗೂ ತಿಳಿದಿದೆ.

3. ವಿಚಾರಣೆಗೆ ಕೂತ ತಾಯಿ ಒಲೆಯತ್ತ ನೋಡಿ, "ಬಂದೂಕು ಹಿಡಿಯೋಕೆ ಬರುತ್ತೆ, ಸೊಪ್ಪು ಬೇಯ್ಸೋಕೆ ಬರಲ್ವೇನ್ರೋ?" ಎಂದು ಸೌಟು ಕಿತ್ತುಕೊಂಡಳಂತೆ. ಅಂದಿನಿಂದ ವಿಚಾರಣೆ ಮುಂದೂಡಲ್ಪಡುತ್ತಲೇ ಇದೆ. ಆರೋಪವೇನೆಂದು ಕೇಳಿದರೆ ಕಾವಲಿನವನು ಬಾಯಿ ಒರೆಸಿಕೊಳ್ಳುತ್ತಾ, "ಇನ್ನೂ ತನಿಖೇಲಿದೆ ಅಕ್ಕಾ" ಎನ್ನುತ್ತಾನೆ.

4. ಈ ನಡುವೆ ನನಗೆ ನೋವು ಶುರುವಾಯಿತು. ಗಂಡ ಓಡಿಬಂದು ತಮ್ಮ ಕಾಲು ಹಿಡಿದ. "ವರದಿ ಕೊಟ್ಟೋನು ನೀನೇ ಅಲ್ವೇನಯ್ಯಾ?" ಎಂದು ತಾವು ನಕ್ಕಿರಿ. ಬರಿಗೈಯಲ್ಲಿ ಮರಳಿದ ಆತನೇ ನೀರು ಕಾಯಿಸಿ, ಪಕ್ಕದ ಮನೆಯವಳು ಹೇಳಿಕೊಟ್ಟಂತೆ ಹೆಣ್ಣುಮಗುವನ್ನು ಕೈಗೆ ತೆಗೆದುಕೊಂಡ. ಮಗು ಅತ್ತಿತು. ಆತನೂ ಅತ್ತ, ಮಗುವಿಗಿಂತ ಹೆಚ್ಚು ಹೊತ್ತು. ಅಂದಿನಿಂದ ಆತನ ಕಣ್ಣು ಮಂಜಾಗಿದ್ದು, ಯಾರ ಮನೆಗೆ ಯಾರು ಬಂದರೂ ಕಾಣುವುದಿಲ್ಲವಂತೆ. ಆದಕಾರಣ, ಹುದ್ದೆಗೆ ಅನರ್ಹ.

ಆದ್ದರಿಂದ, ಕೈರುಚಿಯ ಹೊರತು ಬೇರಾವ ಆರೋಪವೂ ಇಲ್ಲದ ನನ್ನ ತಾಯಿಯನ್ನು ಮೊಮ್ಮಗಳ ಬಳಿಗೆ ಕಳುಹಿಸಿ, ಗಂಡನನ್ನು ಹುದ್ದೆಯಿಂದ ಇಳಿಸಬೇಕಾಗಿ ಪ್ರಾರ್ಥನೆ.

ಬೇರೆ ಸರ್ಕಾರ ಬರುವವರೆಗೆ ತಮ್ಮ ವಿಶ್ವಾಸಿ,
ಮಾಸಿಕಾ

ಲಗತ್ತುಗಳು:
ಅ) ಗಂಡನ ರಾಜೀನಾಮೆ.
ಆ) ಮರಗೆಣಸಿನ ಸೊಪ್ಪನ್ನು ಕುಟ್ಟಿ ತಾಳೆಎಣ್ಣೆಯಲ್ಲಿ ಬೇಯಿಸುವ ಕ್ರಮ, ತಾಯಿಯಿಂದ ನಾನು ಕಲಿತಂತೆ.

ವಿ.ಸೂ.: ಎರಡನೆಯ ಲಗತ್ತಿನಂತೆ ಮಾಡಿಯೂ ರುಚಿ ಬಾರದಿದ್ದಲ್ಲಿ, ಪಡೆಸಮೇತ ನಮ್ಮ ಮನೆಗೇ ಊಟಕ್ಕೆ ದಯಮಾಡಿಸುವುದು. ಬಂದೂಕುಗಳನ್ನು ಬಾಗಿಲಾಚೆ ಸದ್ದಿಲ್ಲದೆ ಇಡತಕ್ಕದ್ದು, ಮಗು ಮಲಗಿರುತ್ತದೆ.