ಒಂದೇ ಸೀಟಿನ ಗಾಡಿ

ಮರುಳಸಿದ್ದಪ್ಪನವರಿಗೆ ಬೇಕಾಗಿದ್ದುದು ಒಂದೇ ಸೀಟಿನ ಗಾಡಿ. ಎರಡು ಸೀಟಿದ್ದರೂ ಅವರ ಕತೆ ಮುಗಿದಂತೆಯೇ. ಆದರೆ ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಹೇಳಿದ್ದರೆ ಬನಶಂಕರಿಯ ಆ ಕ್ರಾಸಿನಲ್ಲಿ ಮರುದಿನದಿಂದ ಅವರ ಮನೆಯ ಒಗ್ಗರಣೆಗೆ ಯಾರ ಕಾಂಪೌಂಡಿನಿಂದಲೂ ಒಂದೆಸಳು ಕರಿಬೇವು ಹುಟ್ಟುತ್ತಿರಲಿಲ್ಲ.

ಜಯನಗರದಲ್ಲಿ ಅರ್ಧ ಆಯುಷ್ಯ ಸ್ಟೀಲ್ ಪಾತ್ರೆ ಅಂಗಡಿ ನಡೆಸಿದವರು ಅವರು. ಈಗ ಅದನ್ನು ಮಗ ಕೈಲಾಸನಿಗೆ ವಹಿಸಿ, ಹಾರೋಹಳ್ಳಿಯ ಆಚೆ ಎರಡೆಕರೆ ಹೊಲ ಮಾಡಿಕೊಂಡಿದ್ದರು. ಬೆಳೆದದ್ದು ಗೆಣಸು, ಕಡಲೆಕಾಯಿ. ಅವರ ಮನಸ್ಸಿದ್ದುದು ಮಾತ್ರ ಹುಣಸೆಮರದ ಕೆಳಗಿನ ಹಗ್ಗದ ಮಂಚದ ಮೇಲೆ. ಗಿರಾಕಿಗಳು ತಟ್ಟೆ ಬಡಿದು, ಲೋಟ ಬಡಿದು, ಕೊಳಗ ಬಡಿದು ನೋಡುವ ಸದ್ದನ್ನು ಇಷ್ಟು ವರ್ಷ ಕೇಳಿದ ಕಿವಿಗಳವು. ಆ ಮಂಚದ ಮೇಲೆ ಬಿದ್ದುಕೊಂಡು ಏನೂ ಕೇಳಿಸಿಕೊಳ್ಳದೆ ಒಂದು ಮಧ್ಯಾಹ್ನ ಕಳೆಯಬೇಕು ಎಂಬುದಷ್ಟೇ ಅವರ ಆಸೆಯಾಗಿತ್ತು.

ಆ ಮಧ್ಯಾಹ್ನ ಇನ್ನೂ ಬಂದಿರಲಿಲ್ಲ. ಭಾನುವಾರ ಅವರು ಕಾರಿನ ಬೀಗ ತೆಗೆದ ಸದ್ದಿಗೇ ಪಕ್ಕದ ಮನೆಯ ಚಕ್ರಪಾಣಿ ಟೋಪಿ ಹಾಕಿಕೊಂಡು ಹೊರಗೆ ನಿಂತಿರುತ್ತಿದ್ದರು. ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಅವರಿಗೆ ಗೆಣಸಿನ ಬಳ್ಳಿಯಲ್ಲೂ ಡಿಸೈನಿನ ತಪ್ಪು ಕಾಣುತ್ತಿತ್ತು. ಎದುರು ಮನೆಯ ರೇಖಾ ಚಿತ್ರಾನ್ನದ ಡಬ್ಬಿ ಹಿಡಿದು ಬರುತ್ತಿದ್ದಳು. ಕ್ರಾಸಿನ ವಾಟ್ಸಾಪ್ ಗುಂಪು ನಡೆಸುವವಳು ಅವಳೇ. ಮೂಲೆ ಮನೆಯ ರಾಮಯ್ಯನಂತೂ ಕೋಣನಕುಂಟೆಯ ಹಳೇ ಒಕ್ಕಲು. ಅವರು ಉತ್ತ ಹೊಲದ ಮೇಲೆಲ್ಲ ಈಗ ಮನೆಗಳೆದ್ದು ಬಾಡಿಗೆ ಬರುತ್ತಿದ್ದರೂ ಮಣ್ಣು ಕಂಡರೆ ಕೈ ಸುಮ್ಮನಿರದು. ಮರುಳಸಿದ್ದಪ್ಪನವರ ಹೆಂಡತಿ ಮೀನಾಕ್ಷಮ್ಮ ಎಲ್ಲರನ್ನೂ ನಗುನಗುತ್ತಾ ಕಾರಿಗೆ ಹತ್ತಿಸಿಕೊಳ್ಳುವರು. ಮಂಚದ ಮೇಲೆ ಇಸ್ಪೀಟು, ಮಂಚದ ಕೆಳಗೆ ಫ್ಲಾಸ್ಕು. ಮರುಳಸಿದ್ದಪ್ಪನವರು ಊಟದ ಎಲೆ ಹಾಸುತ್ತಾ, ನೀರು ಕೊಡುತ್ತಾ ಓಡಾಡುವರು. ಜನ ಒಳ್ಳೆಯವರೇ, ಅವರಿಗೂ ಅದು ಗೊತ್ತು. ಒಳ್ಳೆಯವರಾದ್ದರಿಂದಲೇ ಬೇಡ ಎನ್ನಲು ಬಾಯಿ ಬರುತ್ತಿರಲಿಲ್ಲ.

ಹೀಗಿರುವಾಗ ಕಳೆದ ಮಳೆಗೆ ಹೊಲದ ದಾರಿಯಲ್ಲಿ ಹಳ್ಳ ಕೊರೆಯಿತು. ಉಳಿದದ್ದು ಎರಡು ಕಲ್ಲುಗೋಡೆಗಳ ನಡುವಿನ ಕಿರಿದಾದ ಓಣಿ, ಮೊಣಕಾಲುದ್ದ ಕೆಸರು. ಕಾರು ಹೋಗುವ ಮಾತೇ ಇಲ್ಲ. ಎಲ್ಲರೂ ಅಯ್ಯೋ ಪಾಪ ಎಂದರು. ಮರುಳಸಿದ್ದಪ್ಪನವರಿಗೆ ಒಳಗೊಳಗೇ ಹಬ್ಬ. ಡಾಂಬರು ಮುಗಿಯುವಲ್ಲಿಯ ಟೀ ಅಂಗಡಿಯ ಶೆಡ್ಡಿನಲ್ಲಿ ಎಂಥ ನೆಲದಲ್ಲೂ ಓಡುವ ಒಂಟಿ ಸೀಟಿನ ಗಾಡಿಯೊಂದನ್ನು ನಿಲ್ಲಿಸಿಕೊಂಡರೆ, ಅಲ್ಲಿಂದಾಚೆ ಅವರೇ ರಾಜರು. ಆದರೆ ಬರೀ ಗೆಣಸು ನೋಡಲು ಅಂಥ ಗಾಡಿ ಯಾಕೆ ಎಂದು ಮೀನಾಕ್ಷಮ್ಮ ಕೇಳಿದಾಗ ಅವರ ಬಾಯಿಂದ ಒಂದು ಸುಳ್ಳು ಜಾರಿತು.

"ಕಾಡುಹಂದಿ ಕಣೇ. ಕರು ಇದ್ದ ಹಾಗಿದೆ. ಅಟ್ಟಿಸ್ಕೊಂಡು ಹೋಗೋಕೆ ಗಾಡಿ ಬೇಕು."

ಅವರು ನೋಡಿದ್ದು ಹಂದಿಯನ್ನಲ್ಲ, ಅದು ಕೆದಕಿದ ಗುಂಡಿಯನ್ನು. ಅದನ್ನೂ ಹೆಗ್ಗಣ ಕೆದಕಿರಬಹುದು.

ಶನಿವಾರ ಬೆಳಿಗ್ಗೆ ಶೋರೂಮಿನ ರೇವಂತ್ ಗಾಡಿಯನ್ನು ಟೆಂಪೋದಲ್ಲಿ ತಂದು ತೋರಿಸುವುದೆಂದು ಗುಟ್ಟಾಗಿ ನಿಗದಿಯಾಗಿತ್ತು. ಗುಟ್ಟು ಸೊಪ್ಪಿನ ಗಾಡಿಯ ತನಕ ಉಳಿಯಿತು. ಮೀನಾಕ್ಷಮ್ಮ ದಂಟಿನ ಸೊಪ್ಪು ಆರಿಸುತ್ತಾ ರೇಖಾಳ ಕಿವಿಗೆ ಒಂದು ಮಾತು ಹಾಕಿದರು, ರೇಖಾ ಗುಂಪಿಗೆ ಹಾಕಿದಳು. ಟೆಂಪೋ ಬರುವ ಹೊತ್ತಿಗೆ ಗೇಟಿನ ಮುಂದೆ ಕುರ್ಚಿಗಳು ಬಿದ್ದಿದ್ದವು.

"ಹಂದಿ ಬೇಟೆ ಅಂತೆ? ನಮಗೊಂದು ಮಾತು ಹೇಳ್ಬಾರ್ದಾ ಸಾರ್?" ಎಂದರು ಚಕ್ರಪಾಣಿ.

"ಬೇಟೆ ಇಲ್ಲ, ಏನಿಲ್ಲ. ಡಬ್ಬ ಬಡಿದು ಓಡ್ಸೋದಷ್ಟೇ."

"ಸಾವ್ಕಾರ್ರೆ, ಜೀಪ್ ತಗೊಳಿ," ಎಂದರು ರಾಮಯ್ಯ. "ಎಂಟು ಜನ ಆರಾಮಾಗಿ ಕೂರ್ಬೋದು."

"ಓಣೀಲಿ ಹಿಡ್ಸಲ್ಲ ರಾಮಯ್ಯ."

"ಪಿಕಪ್ ತಗೊಳಿ ಅಂಕಲ್, ಹಿಂದೆ ಹಾಸಿಗೆ ಹಾಕ್ಕೊಂಡು ಹೋಗೋಣ. ಸಖತ್ತಾಗಿರುತ್ತೆ," ಎಂದಳು ರೇಖಾ.

"ಅದೂ ಹಿಡ್ಸಲ್ಲಮ್ಮ," ಎಂದ ಮರುಳಸಿದ್ದಪ್ಪನವರ ದನಿಯಲ್ಲಿ ಸಂತೋಷ ಇಣುಕಿತು. ಅದನ್ನು ಅವರು ಕೆಮ್ಮಿ ಮುಚ್ಚಿದರು.

ಗಾಡಿ ಇಳಿಯಿತು. ಕೆಂಪು ಬಣ್ಣ, ಬೈಕಿನ ಹ್ಯಾಂಡಲ್ಲು, ದಪ್ಪ ದಪ್ಪ ನಾಲ್ಕು ಚಕ್ರ, ನಡುವೆ ಕುದುರೆಯ ಮೇಲೆ ಕೂತ ಹಾಗೆ ಕೂರಲು ಒಂದೇ ಸೀಟು. ಮರುಳಸಿದ್ದಪ್ಪನವರಿಗೆ ತಮ್ಮ ಮದುವೆಯಲ್ಲೂ ಎದೆ ಇಷ್ಟು ಹೊಡೆದುಕೊಂಡಿರಲಿಲ್ಲ. ರೇವಂತ್ ಸುತ್ತು ಹಾಕಿ ಗುಣಗಾನ ಮಾಡಿದ. "ನಾಲ್ಕೂ ಚಕ್ರಕ್ಕೆ ಎಂಜಿನ್ ಪವರ್ ಹೋಗುತ್ತೆ ಸಾರ್. ಕೆಸರಲ್ಲಿ ಹೂತ್ಕೊಳಲ್ಲ. ಹಿಂದೆ ಕೊಕ್ಕೆ ಇದೆ, ಗೆಣಸಿನ ಮೂಟೆ ಎಳ್ಕೊಂಡು ಬರ್ಬೋದು. ಈ ಹೆಬ್ಬೆರಳ ಹತ್ರ ಇರೋ ಲಿವರ್ ಒತ್ತಿದ್ರೆ ಓಡುತ್ತೆ, ಬಿಟ್ರೆ ನಿಲ್ಲುತ್ತೆ. ಅಷ್ಟೇ."

"ಎಷ್ಟು ಮೂಟೆ ಎಳೆಯುತ್ತೆ?" ಚಕ್ರಪಾಣಿ ಬಗ್ಗಿ ಕೊಕ್ಕೆಯನ್ನು ಅಲ್ಲಾಡಿಸಿದರು.

"ಐದಾರು ಮೂಟೆ ಹೂವೆತ್ತಿದ ಹಾಗೆ ಸಾರ್."

"ಟೆಸ್ಟ್ ಮಾಡ್ದೆ ತಗೋಬಾರ್ದು. ಇಲ್ಲೇ ಒಂದು ರೌಂಡ್ ಹೊಡೀರಿ."

"ಸಾರ್, ಇದನ್ನ ರೋಡಲ್ಲಿ ಓಡ್ಸೋ ಹಾಗಿಲ್ಲ, ತೋಟದಲ್ಲಿ ಮಾತ್ರ," ಎಂದ ರೇವಂತ್.

ಚಕ್ರಪಾಣಿ ಕ್ರಾಸಿನತ್ತ ಕೈ ಚಾಚಿದರು. ನೀರಿನ ಪೈಪಿಗೆಂದು ಯುಗಾದಿಗೆ ಮುಂಚೆ ಅಗೆದದ್ದು ಹಾಗೇ ಬಿದ್ದಿತ್ತು. ಒಂದು ಕಡೆ ಮಣ್ಣಿನ ದಿಬ್ಬ, ಇನ್ನೊಂದು ಕಡೆ ಚರಂಡಿಯಂಥ ಕಾಲುವೆ, ನಡುವೆ ಕಲ್ಲುಚಪ್ಪಡಿ, ಆಚೆ ಯಾರೋ ಮನೆ ಕಟ್ಟಲು ಸುರಿಸಿದ ಮರಳ ರಾಶಿ. ಅಗೆದ ಭಾಗದ ಎರಡೂ ತುದಿಗೆ ಬ್ಯಾರಿಕೇಡು.

"ಇದನ್ನ ರೋಡು ಅಂತ ಯಾರಪ್ಪಾ ನಿನಗೆ ಹೇಳಿದ್ದು?"

ರೇವಂತ್ ಕೀಲಿಕೈ ಕೊಟ್ಟ. ಮರುಳಸಿದ್ದಪ್ಪನವರು ಪಂಚೆ ಎತ್ತಿ ಕಟ್ಟಿ ಏರಿ ಕೂತರು. ಗಾಡಿ ದಿಬ್ಬ ಹತ್ತಿತು, ಇಳಿಯಿತು, ಚಪ್ಪಡಿ ದಾಟಿತು. ಮಹಡಿಗಳ ಮೇಲಿಂದ ಚಪ್ಪಾಳೆ ಬಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಚೆನ್ನಾಗಿತ್ತು.

"ಇದು ತೋಟದ ಟೆಸ್ಟ್ ಆಯ್ತು. ಬೇಟೆ ಟೆಸ್ಟ್ ಎಲ್ಲಿ?" ಎಂದರು ಚಕ್ರಪಾಣಿ. "ಹಂದಿ ನೆಟ್ಟಗೆ ಓಡುತ್ತಾ? ಗಾಡಿ ತಿರುಗುತ್ತಾ ಇಲ್ವಾ ನೋಡ್ಬೇಕಲ್ಲ?"

"ಹಂದಿ ಎಲ್ಲಿಂದ ತರ್ಲಿ ಸಾರ್?" ರೇವಂತ್ ಕೈಮುಗಿದ.

"ನಾನಿಲ್ವಾ?" ಎಂದರು ರಾಮಯ್ಯ. ಎಲ್ಲರೂ ಬೇಡ ಬೇಡ ಎನ್ನುವಷ್ಟರಲ್ಲಿ ಗೋಣಿಚೀಲವೊಂದನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಓಡಲು ತೊಡಗಿಯೇಬಿಟ್ಟರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ಗುರ್ ಎಂಬ ಸದ್ದು ಬೇರೆ. ಮರುಳಸಿದ್ದಪ್ಪನವರು ಗಾಡಿಯಲ್ಲಿ ಬೆನ್ನು ಹತ್ತಿದರು. ಕಾಲುವೆಯ ಅಂಚಿನಲ್ಲಿ ರಾಮಯ್ಯ ಗಕ್ಕನೆ ತಿರುಗಿ ನಿಂತರು. ಮರುಳಸಿದ್ದಪ್ಪನವರಿಗೆ ಗಾಬರಿಯಾಯಿತು. ಗಾಬರಿಯಾದ ಮನುಷ್ಯ ಮಾಡುವುದನ್ನೇ ಅವರೂ ಮಾಡಿದರು, ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದರು. ಹೆಬ್ಬೆರಳೂ ಬಿಗಿಯಾಯಿತು.

ಗಾಡಿ ರಾಮಯ್ಯನನ್ನು ಗೇಣಿನಲ್ಲಿ ತಪ್ಪಿಸಿ, ಮೂಗು ಮುಂದಾಗಿ ಕಾಲುವೆಗೆ ಇಳಿದು ನಿಂತಿತು. ಮರುಳಸಿದ್ದಪ್ಪನವರು ನಿಲ್ಲಲಿಲ್ಲ. ಆಚೆ ನಿಂತಿದ್ದ ಸೊಪ್ಪಿನ ಗಾಡಿಯ ಮೇಲಿಂದ ಹಾದು, ಒಂದು ಕಟ್ಟು ಕೊತ್ತಂಬರಿಯನ್ನು ಜೊತೆಗೆ ಕರೆದುಕೊಂಡು, ಮರಳ ರಾಶಿಯ ಮೇಲೆ ಕೂತರು. ಮೂಳೆಗಳೆಲ್ಲ ಇದ್ದ ಜಾಗದಲ್ಲೇ ಇದ್ದವು. ಕ್ರಾಸೆಲ್ಲ ಓಡಿ ಬಂತು. ಮೀನಾಕ್ಷಮ್ಮ ಗಂಡನ ಕಿವಿಯಿಂದ ಕೊತ್ತಂಬರಿ ತೆಗೆದರು.

ಎಂಜಿನ್ ಮಾತ್ರ ಇನ್ನೂ ಗುರುಗುಟ್ಟುತ್ತಿತ್ತು. ರಾಮಯ್ಯ ಗೋಣಿಚೀಲ ಎಸೆದು ಗಾಡಿ ಏರಿದರು. ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಆಡಿಸಿ, ಬಾವಿಯಿಂದ ಕೊಡ ಎತ್ತಿದಷ್ಟು ಸಲೀಸಾಗಿ ಮೇಲೆ ತಂದು ನಿಲ್ಲಿಸಿದರು. ಒಂದು ಗೀರೂ ಇರಲಿಲ್ಲ.

"ಗಾಡಿ ಪಾಸ್," ಎಂದು ತೀರ್ಪು ಕೊಟ್ಟರು ಚಕ್ರಪಾಣಿ. ಉಳಿದರ್ಧ ತೀರ್ಪನ್ನು ಮರ್ಯಾದೆಗೆ ನುಂಗಿಕೊಂಡರು.

"ಗಾಡೀನೂ ಬೇಡ, ಹೊಲಾನೂ ಬೇಡ. ನಡೀರಿ ಒಳಗೆ," ಎಂದರು ಮೀನಾಕ್ಷಮ್ಮ.

ಮರುಳಸಿದ್ದಪ್ಪನವರ ಕಣ್ಣಮುಂದೆ ಹಗ್ಗದ ಮಂಚ ತೇಲಿ ದೂರ ಹೋಯಿತು. ಕೈಗೆ ಬಂದದ್ದು ಹೀಗೆ ಜಾರುವುದೆಂದರೆ! ಇದ್ದಬದ್ದ ಬುದ್ಧಿಯನ್ನೆಲ್ಲ ಒಟ್ಟು ಮಾಡಿಕೊಂಡರು.

"ಮೀನಾ, ನಿಂಗೆ ಹೇಳಿರ್ಲಿಲ್ಲ. ಒಂದು ಹಂದಿ ಅಲ್ಲ ಕಣೇ, ಗುಂಪು. ಕೋರೆ ನೋಡಿದ್ರೆ ಜೀವ ಬಾಯಿಗೆ ಬರುತ್ತೆ. ಆ ಕೆಸರಲ್ಲಿ ನಡ್ಕೊಂಡು ಹೋದ್ರೆ ತಪ್ಪಿಸ್ಕೊಳೋಕಾಗುತ್ತಾ? ಈ ಗಾಡಿ ಇದ್ರೆ ಬದುಕ್ಕೊಂಡೆ. ಮೇಲಾಗಿ ಐದಾರು ಮೂಟೆ ಎಳೆಯುತ್ತಂತೆ!"

ಕುರ್ಚಿಗಳಲ್ಲಿದ್ದವರು ಎದ್ದು ಹತ್ತಿರ ಬಂದರು. ಮೀನಾಕ್ಷಮ್ಮ ಗಂಡನ ಮುಖವನ್ನೇ ನೋಡಿದರು, ಆಮೇಲೆ ಕೊಕ್ಕೆಯನ್ನು ನೋಡಿದರು. "ಸರಿ, ಇದೇ ಗಾಡಿ ಆಗ್ಲಿ. ನೀವು ಹೋಗಿ ಮಲಗಿ, ಮಿಕ್ಕಿದ್ದು ನಾವು ನೋಡ್ಕೋತೀವಿ," ಎಂದರು.

ಬೆನ್ನಿಗೆ ಮುಲಾಮು ಹಚ್ಚಿಸಿಕೊಂಡು ಮಲಗಿದ ಮರುಳಸಿದ್ದಪ್ಪನವರಿಗೆ ಸೊಗಸಾದ ನಿದ್ದೆ ಬಂತು. ಕನಸಿನಲ್ಲಿ ಹುಣಸೆಮರದ ಕೆಳಗೆ ಒಬ್ಬರೇ ಮಲಗಿದ್ದರು. ಒಂದು ಹಕ್ಕಿ ಕೂಗಲು ಬಾಯಿ ತೆರೆದು, ಇವರನ್ನು ನೋಡಿ ಸುಮ್ಮನಾಯಿತು.

ತೆಂಗಿನಕಾಯಿ ಒಡೆದ ಸದ್ದಿಗೆ ಎಚ್ಚರವಾಯಿತು. ಸಂಜೆಯಾಗಿತ್ತು. ಸೊಂಟ ಹಿಡಿದುಕೊಂಡು ಹೊರಗೆ ಬಂದರು. ಗೇಟಿನ ಮುಂದೆ ಕೆಂಪು ಗಾಡಿ ಮದುಮಗನಾಗಿ ನಿಂತಿತ್ತು. ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಮುಂದೆ ಮೂರೆಳೆ ವಿಭೂತಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು. ಮರುಳಸಿದ್ದಪ್ಪನವರ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲೇ ಅವರು ಇನ್ನೂ ಎರಡು ನಿಂಬೆಹಣ್ಣು ಕಂಡರು. ಅವು ಗಾಡಿಯ ಹಿಂದಿದ್ದ ಇನ್ನೆರಡು ಚಕ್ರಗಳ ಕೆಳಗಿದ್ದವು.

ಕೊಕ್ಕೆಗೆ ಒಂದು ಪುಟ್ಟ ಟ್ರೇಲರ್ ತಗುಲಿಕೊಂಡಿತ್ತು. ಅದಕ್ಕೂ ಹಾರ, ಅದಕ್ಕೂ ವಿಭೂತಿ. ಒಳಗೆ ಎದುರುಬದುರಾಗಿ ಎರಡು ಬೆಂಚು, ಬೆಂಚಿಗೆ ರೇಖಾಳ ಮನೆಯ ದಿಂಬು, ಮೇಲೊಂದು ಬಣ್ಣದ ಛತ್ರಿ, ಮೂಲೆಯಲ್ಲಿ ಫ್ಲಾಸ್ಕು.

"ಇದು... ಮೂಟೆಗಾ?" ಎಂದರು ಮರುಳಸಿದ್ದಪ್ಪನವರು.

"ಮೂಟೆಗ್ಯಾಕೆ ಸಾರ್? ನಾಲ್ಕು ಜನ ಅಂದ್ರೆ ಹೆಚ್ಚುಕಮ್ಮಿ ಐದು ಮೂಟೆ ತೂಕ. ಲೆಕ್ಕ ಹಾಕೇ ಶೋರೂಮಿಂದ ತರ್ಸಿ ಬೆಂಚು ಹಾಕ್ಸಿದೀನಿ," ಎಂದರು ಚಕ್ರಪಾಣಿ. "ಅಗಲ ಗಾಡಿಯಷ್ಟೇ. ಓಣೀಲಿ ಹಿಡ್ಸುತ್ತೆ."

"ಅಷ್ಟು ಹಂದಿ ಮಧ್ಯೆ ನಿಮ್ಮನ್ನ ಒಬ್ರನ್ನೇ ಕಳ್ಸೋಕಾಗುತ್ತಾ ಅಂಕಲ್?" ಎಂದಳು ರೇಖಾ. ಅವಳ ದನಿ ನಿಜವಾಗಿಯೂ ಗದ್ಗದವಾಗಿತ್ತು. "ಮಧ್ಯಾಹ್ನವೆಲ್ಲ ನಾವು ಊಟಾನೇ ಮಾಡಿಲ್ಲ."

ಇನ್ನು ಸತ್ಯ ಹೇಳದೆ ವಿಧಿಯಿರಲಿಲ್ಲ. "ನೋಡಮ್ಮಾ, ಹಂದಿ ಅಷ್ಟು ದೊಡ್ಡದಿಲ್ಲ. ನಿಜ ಹೇಳ್ಬೇಕು ಅಂದ್ರೆ ಹಂದೀನೇ..."

"ಕೇಳಿದ್ರಾ?" ಮೀನಾಕ್ಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನಾವು ಹೆದರ್ಕೋತೀವಿ ಅಂತ ಹೀಗಂತಿದಾರೆ. ಮದುವೆ ಆದಾಗಿಂದ ಇವರು ಹೀಗೇ."

ಮರುಳಸಿದ್ದಪ್ಪನವರು ರೇವಂತನನ್ನು ಪಕ್ಕಕ್ಕೆ ಕರೆದರು. "ಹಿಂದಿನದನ್ನ ವಾಪಸ್ ತಗೊಂಡ್ಹೋಗಪ್ಪಾ. ನಂಗೆ ಬೇಡ."

ರೇವಂತ್ ನಾಲಿಗೆ ಕಚ್ಚಿಕೊಂಡ. "ಪೂಜೆ ಆಗ್ಹೋಯ್ತಲ್ಲ ಸಾರ್. ವಿಭೂತಿ ಹಚ್ಚಿ ಕಾಯಿ ಒಡೆದ ಗಾಡೀನ ಬಿಚ್ಚಿ ವಾಪಸ್ ತಂದ್ರೆ ನಮ್ಮ ಓನರ್ ನನ್ನೇ ಒಳಗೆ ಬಿಡಲ್ಲ. ನೀವೂ ಬಿಚ್ಬೇಡಿ ಸಾರ್, ಅಪಶಕುನ."

ಮರುಳಸಿದ್ದಪ್ಪನವರೇ ಅಂಗಡಿಯಲ್ಲಿ ಅರಿಶಿನ ಕುಂಕುಮ ಬಿದ್ದ ಕೊಳಗವನ್ನು ಒಮ್ಮೆಯೂ ವಾಪಸ್ ತೆಗೆದುಕೊಂಡವರಲ್ಲ. ನಿಟ್ಟುಸಿರು ಬಿಟ್ಟು ತಮ್ಮ ಗಾಡಿಯತ್ತ ನಡೆದರು. ಹೋಗಲಿ, ಎಲ್ಲರೂ ಹಿಂದೆ ಇರುತ್ತಾರೆ, ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮುಂದಿನ ಆ ಒಂದು ಸೀಟಾದರೂ ತನ್ನದಾಯಿತಲ್ಲ.

ಸೀಟಿನ ಮೇಲೆ ರಾಮಯ್ಯ ಕೂತಿದ್ದರು. ತಲೆಗೆ ಹೊಸ ರುಮಾಲು ಸುತ್ತಿದ್ದರು.

"ಹಿಂದೆ ಹತ್ಕೊಳಿ ಸಾವ್ಕಾರ್ರೆ," ಎಂದರು. "ಇನ್ಮೇಲೆ ಓಡ್ಸೋ ಚಿಂತೆ ನಿಮಗೆ ಬೇಡ. ಅಮ್ಮಾವ್ರು ನನ್ ಕೈಲಿ ಆಣೆ ಮಾಡಿಸ್ಕೊಂಡವ್ರೆ."

"ಸೀಟು ಒಂದೇ ನೋಡಿ," ಎಂದರು ಮೀನಾಕ್ಷಮ್ಮ ಗಂಡನ ಕೈಹಿಡಿದು ಟ್ರೇಲರಿಗೆ ಹತ್ತಿಸುತ್ತಾ. "ಚೆನ್ನಾಗಿ ಓಡ್ಸೋರೇ ಕೂತ್ಕೋಬೇಕು."

ಪೂಜೆಯ ಲೆಕ್ಕಕ್ಕೆ ಕ್ರಾಸಿನಲ್ಲೊಂದು ಸುತ್ತು ಹಾಕಲು ಗಾಡಿ ಹೊರಟಿತು. ಆರು ನಿಂಬೆಹಣ್ಣು ಪಚಕ್ ಎಂದು ಅಪ್ಪಚ್ಚಿಯಾದವು. ಛತ್ರಿಯ ಕೆಳಗೆ ಚಕ್ರಪಾಣಿ ಇಸ್ಪೀಟು ಕಲೆಸತೊಡಗಿದರು. ಮೀನಾಕ್ಷಮ್ಮ ಒಡೆದ ಕಾಯಿಯ ಒಂದು ಚೂರನ್ನು ಗಂಡನ ಬಾಯಿಗಿಟ್ಟರು. ಅದು ಸಿಹಿಯಾಗಿದ್ದುದರಿಂದ ಮರುಳಸಿದ್ದಪ್ಪನವರಿಗೆ ಇನ್ನಷ್ಟು ಸಂಕಟವಾಯಿತು. ಕ್ರಾಸಿನ ತುದಿ ತಲುಪುವ ಮುನ್ನ ರೇಖಾ ಫೋನಿನಿಂದ ತಲೆಯೆತ್ತಿದಳು.

"ಅಂಕಲ್, ಒಂಚೂರು ಜರುಗ್ತೀರಾ? ಫೋಟೋ ನೋಡಿ ಹಿಂದಿನ ಕ್ರಾಸಿನವರೂ ಬರ್ತೀವಿ ಅಂತಿದಾರೆ."

ಮರುಳಸಿದ್ದಪ್ಪನವರು ಜರುಗಿ ಕೂತರು.