ನಲವತ್ತಕ್ಕೆ ಎರಡು ಕಮ್ಮಿ

ಹೊಟ್ಟೆಕಿಚ್ಚನ್ನು ಅಳೆದು ಶೇಕಡಾ ಬರೆದುಕೊಡುವ ಡಾಕ್ಟರು ಎಲ್ಲಾದರೂ ಇದ್ದಿದ್ದರೆ ನಾನು ನೂರಕ್ಕೆ ನೂರು ತೆಗೆದುಕೊಂಡು ಬರುತ್ತಿದ್ದೆ. ಏನು ಮಾಡುವುದು, ಇರುವವರು ಕೈಕಾಲು ಅಳೆಯುವ ಡಾಕ್ಟರು. ನಾನು ಅಮೃತಹಳ್ಳಿಯಲ್ಲಿ, ನಮ್ಮ ಮನೆಯ ಮೊದಲನೇ ಮಹಡಿಯಲ್ಲಿ ಬ್ಲೌಸ್ ಹೊಲಿಯುವವಳು. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸಣ್ಣಗಾಗಿದೆ. ಹತ್ತಿರದಲ್ಲೇ ಕಟ್ಟಿದ ಹೊಸ ಮಾರ್ಕೆಟ್ಟಿನಲ್ಲಿ ಅಂಗವಿಕಲರಿಗೆಂದು ಕೆಳಗಡೆಯೇ ಒಂದು ಅಂಗಡಿ ಮೀಸಲಿಟ್ಟಿದ್ದರು. ಶೇಕಡಾ ನಲವತ್ತು ಅಂಗವೈಕಲ್ಯ ಅಂತ ಡಾಕ್ಟರು ಬರೆದುಕೊಟ್ಟಿರಬೇಕು, ಅಷ್ಟೇ. ದಿನಾ ಮೆಟ್ಟಿಲು ಹತ್ತಿಳಿಯುವುದು ತಪ್ಪುತ್ತದಲ್ಲ ಅಂತ ಆ ಅಂಗಡಿ ಅಂದರೆ ನನಗೆ ಪ್ರಾಣ. ಅದರ ಹಿಂದೆ ಬಿದ್ದ ಮೇಲೆ ಇಂಥ ಪ್ರಸಂಗಗಳಿಗೆ ಬಿಡುವೇ ಇಲ್ಲ.

ನಿಮ್ದೆಷ್ಟು?

ಯಲಹಂಕದ ಕಡೆಯ ಆಸ್ಪತ್ರೆಯಲ್ಲಿ ತಪಾಸಣೆಯ ದಿನ ಬೆಂಚಿನ ಮೇಲೆ ಕೂತರೆ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನೆನಪಾಗುತ್ತದೆ. ಒಳಗಿನಿಂದ ಬಂದವರನ್ನು ಸುತ್ತುವರಿದು "ನಿಮ್ದೆಷ್ಟು?" ಅಂತ ಕೇಳುವವರೇ ಎಲ್ಲ. ಕೋಲು ಹಿಡಿದ ತಾತ ಒಬ್ಬರು ಬಂದು "ಎಪ್ಪತ್ತು" ಅಂದರು. ಬೆಂಚಿನವರೆಲ್ಲ ಬಾಯಿ ಬಿಟ್ಟೆವು. ಅವರ ಹಿಂದೆ ಒಬ್ಬ ಆಟೋ ಡ್ರೈವರ್ ಜೋಲು ಮುಖ ಹಾಕಿಕೊಂಡು ಬಂದ. ಅವನದು ಬರೀ ಮೂವತ್ತು. ಹೆಂಡತಿ ಅವನ ಬೆನ್ನು ಸವರಿ, "ಬೇಜಾರ್ ಮಾಡ್ಕೋಬೇಡ್ರೀ, ಮುಂದಿನ ಸಲ ಜಾಸ್ತಿ ಬರುತ್ತೆ" ಅಂತ ಸಮಾಧಾನ ಹೇಳಿದಳು. ಆದರೂ ಅವಳಿಗೆ ತಡೆಯಲಾಗಲಿಲ್ಲ. ತಾತನ ಹತ್ತಿರ ಹೋಗಿ, "ನಿಮ್ಗೆ ಅಷ್ಟೊಂದು ಬಂತಲ್ಲ ತಾತ, ಹೆಂಗ್ ಮಾಡಿದ್ರಿ?" ಅಂದಳು.

"ಕಾಲ್ ಮೇಲೆ ಲಾರಿ ಹತ್ತಿಸ್ಕೊಂಡೆ ಕಣಮ್ಮ" ಅಂದರು ತಾತ.

ಅಮ್ಮನ ಸಾಕ್ಷಿ

ಮೊದಲನೇ ಸಲ ನನ್ನ ಜೊತೆಗೆ ಬಂದವಳು ನಮ್ಮಮ್ಮ. ನನಗೆ ಗಂಡು ಹುಡುಕುವ ಕಾಲದಲ್ಲಿ ನನ್ನ ಕಾಲನ್ನು ಮುಚ್ಚಿಡುವುದೇ ಅವಳ ಕೆಲಸವಾಗಿತ್ತು. ಗಂಡಿನ ಕಡೆಯವರು ಬರುವ ಮೊದಲೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಸೀರೆಯ ಅಂಚನ್ನು ನೆಲಕ್ಕೆ ಇಳಿಬಿಟ್ಟು, ಕಾಫಿ ತಟ್ಟೆಯನ್ನು ಚಿಕ್ಕಪ್ಪನ ಮಗಳ ಕೈಯಲ್ಲಿ ಕಳಿಸುತ್ತಿದ್ದಳು.

ಡಾಕ್ಟರು ಕೇಳಿದರು: "ಮನೇಲಿ ಇವ್ರಿಗೆ ಏನೇನ್ ಕಷ್ಟ ಆಗುತ್ತೆ ಅಮ್ಮ?"

ಇಸ್ತ್ರಿ ಶರ್ಟು ಹಾಕಿದ ಗಂಡಸು ಎದುರಿಗೆ ಕೂತು ಮಗಳ ಬಗ್ಗೆ ವಿಚಾರಿಸುತ್ತಿದ್ದಾನೆ. ಅಮ್ಮನಿಗೆ ಹಳೇ ಅಭ್ಯಾಸ ಬಂದುಬಿಟ್ಟಿತು. "ಕಷ್ಟಾನಾ? ಒಂದೂ ಇಲ್ಲ ಸ್ವಾಮಿ. ಕಸ, ಮುಸುರೆ, ರಂಗೋಲಿ ಎಲ್ಲಾ ಅವ್ಳೇ. ಎಷ್ಟ್ ಜನ ಬಂದ್ರೂ ಮುದ್ದೆ ಕಟ್ತಾಳೆ. ಓಡಾಡ್ತಿದ್ರೆ ಕಾಲು ಗೊತ್ತೇ ಆಗಕಿಲ್ಲ!"

ಚಿವುಟಿದೆ. ಅಮ್ಮ ನನ್ನ ಕೈ ಸರಿಸಿ, "ನಾಚ್ಕೆ ಸ್ವಭಾವ" ಅಂದಳು. ಕುಕ್ಕರುಗಾಲಲ್ಲಿ ಕೂತು ಏಳಿ ಅಂದರು ಡಾಕ್ಟರು. ಅಷ್ಟು ಹೊಗಳಿಸಿಕೊಂಡ ಮೇಲೆ ಬೀಳುವುದಾದರೂ ಹೇಗೆ? ಹಲ್ಲು ಕಚ್ಚಿ ಕೂತೆ, ಹಲ್ಲು ಕಚ್ಚಿ ಎದ್ದೆ. ಮೂವತ್ತೆಂಟು ಅಂತ ಬರೆದರು. ನಾನು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರೆ ಅಮ್ಮ ಹಿಂದೆಯೇ ಬಂದು ಮೆಲ್ಲಗೆ ಕೇಳಿದಳು:

"ಒಪ್ಕೊಂಡ್ರಾ?"

ಕುತ್ತಿಗೆಯ ಟ್ಯಾಗು

ನಾನಿನ್ನೂ ಆ ಸಂಕಟದಲ್ಲಿ ಇರುವಾಗಲೇ ನನ್ನ ವಾರಗಿತ್ತಿಗೆ ನಲವತ್ತೆರಡು ಬಂತು. ನಮ್ಮ ಭಾವನ ಹೆಂಡತಿ, ಕೆಳಗಿನ ಮನೆಯಲ್ಲೇ ಇರುವವಳು. ಜಕ್ಕೂರಿನ ಹತ್ತಿರ ಸ್ಕೂಟರಿಂದ ಬಿದ್ದು ಬಲಗೈ ಮಡಚಲು ಬರುವುದಿಲ್ಲ. ಪಾಪ, ನೋವು ನಿಜವೇ. ಆದರೆ ನಲವತ್ತೆರಡು! ನನಗೆ ಆ ರಾತ್ರಿ ಊಟ ಸೇರಲಿಲ್ಲ. ಅವಳಿಗೆ ಅಂಗಡಿಯೂ ಬೇಡ. ಬೇಕಾಗಿದ್ದದ್ದು ಬಸ್ಸಿನ ಸೀಟು. ಹೆಂಗಸರಿಗೆ ಟಿಕೆಟ್ ಹೇಗೂ ಫ್ರೀ, ಸೀಟು ಮಾತ್ರ ಫ್ರೀ ಇರುವುದಿಲ್ಲ. ಟೆಕ್ ಪಾರ್ಕಿಗೆ ಹೋಗುವವರ ಹಾಗೆ ಅಂಗವಿಕಲರ ಕಾರ್ಡನ್ನು ಟ್ಯಾಗಿಗೆ ಸಿಕ್ಕಿಸಿ ಕುತ್ತಿಗೆಗೆ ಹಾಕಿಕೊಂಡು ಯಶವಂತಪುರಕ್ಕೆ ಈರುಳ್ಳಿ ತರಲು ಹೊರಡುವಳು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಕಂಡಕ್ಟರು ಟ್ಯಾಗು ನೋಡಿ ಒಬ್ಬರನ್ನು ಎಬ್ಬಿಸಿ ಅವಳಿಗೆ ಸೀಟು ಕೊಡಿಸಿದ. "ನಿನ್ ಬ್ಯಾಗ್ ಕೊಡೇ, ಇಟ್ಕೋತೀನಿ" ಅಂತ ಉಪಕಾರ ಬೇರೆ ಮಾಡಿದಳು.

ಯಶವಂತಪುರದವರೆಗೂ ಕಾಲು ಸರಿ ಇರುವ ಅವಳು ಕೂತಿದ್ದಳು, ಕೈ ಸರಿ ಇರುವ ನಾನು ಕಂಬಿ ಹಿಡಿದು ನಿಂತಿದ್ದೆ.

ಅರ್ಧ ದಿನ

ಸಹಕಾರನಗರದಿಂದ ಬರುವ ಗಿರಾಕಿಯೊಬ್ಬರ ತಂಗಿ ಯಾವುದೋ ಚಳಿ ದೇಶದಲ್ಲಿ ಹೋಟೆಲ್ ಅಡುಗೆ ಮನೆಯಲ್ಲಿ ಇದ್ದಾಳೆ. ಅವಳಿಗೆ ಬೆನ್ನು ನೋವು ಬಂತು. ಅಲ್ಲಿಯ ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು, ಎಷ್ಟು ಹೊತ್ತು ನಿಲ್ಲಬಲ್ಲೆ, ಎಷ್ಟು ಭಾರ ಎತ್ತಬಲ್ಲೆ, ಏನು ಕೆಲಸ ಇನ್ನೂ ಆಗುತ್ತದೆ ಅಂತೆಲ್ಲ ನಿಧಾನವಾಗಿ ಕೇಳಿದರಂತೆ. ಕೊನೆಗೆ, ಇವಳು ಅರ್ಧ ದಿನ ದುಡಿಯಲಿ, ಉಳಿದರ್ಧಕ್ಕೆ ಸರ್ಕಾರ ಕೊಡಲಿ ಅಂತ ತೀರ್ಮಾನವಾಯಿತಂತೆ. ಅಳತೆಗೆ ನಿಂತಿದ್ದ ಗಿರಾಕಿ "ಆಯ್!" ಅಂದರು. ಹೊಟ್ಟೆ ಉರಿದು ಗುಂಡುಪಿನ್ನನ್ನು ಅವರ ಭುಜಕ್ಕೇ ಚುಚ್ಚಿದ್ದೆ.

ಸಂಜೆ ನಮ್ಮವರಿಗೆ ಹೇಳಿದೆ. "ನಮ್ಮಲ್ಲೂ ಹಂಗ್ ಕೇಳಿದ್ರೆ ನಾನು ಅರ್ಧ ದಿನಾನೇ ಅಂತೀನಿ."

ಅವರು ಫೋನಿನಿಂದ ತಲೆ ಎತ್ತದೆ, "ಅನ್ನು. ಅಡುಗೆ ಇರೋ ಅರ್ಧ ಅನ್ನು" ಅಂದರು.

ಹಲ್ಲು ಬಿಡು ಅನ್ನಿ

ಮರುತಪಾಸಣೆಗೆ ಅರ್ಜಿ ಹಾಕಿದೆ. ಅಂಗಡಿಗೆ ಕೊನೆಯ ದಿನ ಹತ್ತಿರ ಬಂದಿತ್ತು. ಇದೊಂದು ಸಲ ತಪ್ಪಿದರೆ ಮೆಟ್ಟಿಲೇ ಗತಿ. ಅಮ್ಮನನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ. ನಮ್ಮವರಿಗೆ ರಜೆ ಇಲ್ಲ. ಕೊನೆಗೆ ಹೊರಟವಳು ವಾರಗಿತ್ತಿ. ಅವತ್ತೇ ಬೆಳಿಗ್ಗೆ ನಮ್ಮತ್ತೆ ಪಕ್ಕದ ಮನೆಯವರ ಮುಂದೆ, "ನನ್ ಚಿಕ್ ಸೊಸೆ ಒಬ್ಳೇ ಈ ಮನೆ ತೂಗಿಸ್ತಿರೋದು" ಅಂದುಬಿಟ್ಟಿದ್ದರು. ಅದನ್ನು ಕೇಳಿಸಿಕೊಂಡಿದ್ದ ವಾರಗಿತ್ತಿ ಬಸ್ಸಿನಲ್ಲಿ ನನಗೆ ಬೆನ್ನು ಹಾಕಿ ಕೂತಳು.

ಡಾಕ್ಟರು ಅದೇ ಪ್ರಶ್ನೆ ಕೇಳಿದರು. "ಮನೇಲಿ ಏನ್ ಕಷ್ಟ ಆಗುತ್ತೆ?"

"ಇವ್ಳಾ?" ಅಂತ ವಾರಗಿತ್ತಿ ಶುರು ಮಾಡಿದಳು. "ಇವ್ಳ ಕೈಲಿ ಏನಾಯ್ತದೆ ಸಾರ್! ನೆಲದ ಮೇಲೆ ಕೂತ್ರೆ ಏಳಾಕಾಗಲ್ಲ, ನಾನೇ ಎಳೀಬೇಕು. ತಾರಸಿ ಮೇಲೆ ಬಟ್ಟೆ ಒಣಗಾಕೋದು ನಾನು, ಈ ಕೈಯಾಗೆ ನೀರ್ ತರೋದೂ ನಾನು. ಮೆಟ್ಲು ಹತ್ತಿದ್ರೆ ಬಾಗ್ಲು ಹಾಕ್ಕೊಂಡು ಕಾಲ್ ಹಿಡ್ಕೊಂಡು ಅಳ್ತಾಳೆ, ಯಾರ್ಗೂ ಹೇಳಲ್ಲ. ಇಂಗಿದ್ರೂ ನಮ್ಮತ್ತೆ ಹೊಗಳೋದು ಇವ್ಳನ್ನೇ!"

ನಾನು ಭೂಮಿಗಿಳಿದು ಹೋದೆ. ಎಲ್ಲವೂ ನಿಜ. ನಾನು ಬಾಗಿಲು ಹಾಕಿಕೊಂಡು ಅಳುವುದು ಅವಳಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಡಾಕ್ಟರು ಕುಕ್ಕರುಗಾಲಲ್ಲಿ ಕೂರಿ ಅಂದರು. ಅಭ್ಯಾಸಬಲ, ಹಲ್ಲು ಕಚ್ಚಿದೆ.

"ನೋಡಿ ಸಾರ್, ಹಲ್ ಕಚ್ತಾವ್ಳೆ! ಹಲ್ಲು ಬಿಡು ಅನ್ನಿ ಅವ್ಳಿಗೆ!"

ನಗು ತಡೆಯಲಾಗಲಿಲ್ಲ. ಹಲ್ಲೂ ಬಿಟ್ಟೆ, ನೆಲಕ್ಕೂ ಬಿದ್ದೆ. ಡಾಕ್ಟರು ನನ್ನನ್ನು ಬರಿಗಾಲಲ್ಲಿ ನಡೆಸಿ, ಮೆಟ್ಟಿಲು ಹತ್ತಿಸಿ, ಒಂಟಿಕಾಲಲ್ಲಿ ನಿಲ್ಲಿಸಿ ಎಲ್ಲವನ್ನೂ ಮತ್ತೆ ನೋಡಿದರು. ನಲವತ್ತೆಂಟು. ಅಂಗಡಿಗೆ ದಾರಿಯಾಯಿತು. ನನಗೆ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು, ಬಿದ್ದರೆ ಏಳಿಸಬೇಕಾದವಳೂ ಅವಳೇ ಅಂತ ಸುಮ್ಮನಾದೆ.

ಹೊರಗೆ ಬಂದಾಗ ಅವಳ ಮುಖ ನೋಡಬೇಕಿತ್ತು. "ನಲವತ್ತೆಂಟಾ? ನಂದು ನಲವತ್ತೆರಡೇ ಕಣೇ!" ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. "ಕೂತ್ಕೋ, ಈಗ ನಂಗಿಂತ ದೊಡ್ಡೋಳಲ್ವಾ ನೀನು" ಅಂತ ನನ್ನನ್ನು ಕೂರಿಸಿ ಕಂಬಿ ಹಿಡಿದು ನಿಂತಳು. ಜಕ್ಕೂರು ದಾಟಿದ ಮೇಲೆ ಬಗ್ಗಿ ನನ್ನ ಕಿವಿಯಲ್ಲಿ, "ನಂದೂ ಇನ್ನೊಂದ್ ಸಲ ನೋಡಿಸ್ಬೇಕು. ನೀನೇ ಬಾರೇ ಜೊತೇಲಿ" ಅಂದಳು.

"ಬರ್ತೀನಿ ಅಕ್ಕ. ನಿಮ್ ಬಗ್ಗೆ ನನ್ ಮನಸ್ಸಲ್ಲಿರೋದೆಲ್ಲಾ ಹೇಳ್ಲಾ?"

ಅವಳು ಕುತ್ತಿಗೆಯ ಟ್ಯಾಗನ್ನು ಸೆರಗಿನೊಳಗೆ ತೂರಿಸಿದಳು.

"ಬ್ಯಾಡ ಬಿಡು" ಅಂದಳು, "ನೂರ್ ದಾಟ್ಬಿಡ್ತದೆ."