ಮೊದಲು ಬಂದದ್ದು ಬನ್ನೋ, ಸೋಡಾನೋ

ಊರಿನ ಚರಿತ್ರೆ ಬರೆಯಲು ಹೊರಟವನಿಗೆ ದಾಖಲೆ ಸಿಗುವುದು ಅಪರೂಪ. ಇಂಥ ಪ್ರಸಂಗಗಳು ಮಾತ್ರ ಕರೆಯದೆಯೇ ಬರುತ್ತವೆ. ಹೊಳೆನರಸೀಪುರದ ನಮ್ಮ ಸಮಿತಿಯವರು ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಊರಿನಲ್ಲಿ ತಿಂಡಿ, ಪಾನೀಯ ತಯಾರಿಕೆ ಶುರು ಮಾಡಿದವರ ಬಗ್ಗೆ ಬರೆಯುವ ಕೆಲಸ ನನಗೆ ಬಂತು. ಎಲ್ಲರಿಗಿಂತ ಮೊದಲಿಗರ ಫೋಟೋ ಪುಟದ ತುಂಬ ಬರುತ್ತದೆ ಎಂದು ಯಾರೋ ಸುದ್ದಿ ಹಬ್ಬಿಸಿದರು. ಅಲ್ಲಿಗೆ ನನ್ನ ನೆಮ್ಮದಿ ಮುಗಿಯಿತು.

೧. ಗಂಟಲು ಮತ್ತು ಹೊಟ್ಟೆ

ಪೇಟೆಯಲ್ಲಿ ಗೋಲಿ ಸೋಡಾ ಅಂಗಡಿ, ಬೇಕರಿ ಅಕ್ಕಪಕ್ಕದಲ್ಲಿವೆ. ಶುರು ಮಾಡಿದವರು ಈಗಿಲ್ಲ. ಎಪ್ಪತ್ತರ ಆಸುಪಾಸಿನ ಅವರ ಮಕ್ಕಳು ನಡೆಸುತ್ತಿದ್ದಾರೆ. ಸೋಡಾದವರು ಆಗಲೇ ತಂದೆಯ ಫೋಟೋ ಒರೆಸಿ, ಹೊಸ ಕಟ್ಟು ಹಾಕಿಸಿ ಕಾಯುತ್ತಿದ್ದರು.

"ನಮ್ಮಪ್ಪಾರದೇ ಮೊದ್ಲು ಸಾ, ಬರ್ಕಳಿ."

ಬೇಕರಿಯವರು ಪಕ್ಕದಿಂದಲೇ ಕೂಗಿದರು. "ಏನ್ಲಾ ನೀನು ಏಳೋದು? ಬನ್ನು ತಿಂದು ಗಂಟ್ಲು ಕಟ್ಟಿದ್ರೆ ತಾನೆ ಸೋಡಾ ಬೇಕಾಗೋದು?"

"ಮದ್ವೆ ಊಟ ಉಂಡು ಒಟ್ಟೆ ಉಬ್ಬುಸ್ಕಂಡೋರು ಕುಡೀತಿದ್ರು ಕಣ್ಲಾ. ನಿಮ್ಮಪ್ಪ ಬನ್ನು ಮಾಡೋಗಂಟ ಊರೆಲ್ಲ ಉಪ್ವಾಸ ಇತ್ತಾ?"

ಇಬ್ಬರ ವಾದದಲ್ಲೂ ತಿರುಳಿತ್ತು. ವಾದ ಮುಗಿಯುವಷ್ಟರಲ್ಲಿ ನಾನು ಎರಡು ಬನ್ನು, ಎರಡು ಲೋಟ ಸೋಡಾ ಮುಗಿಸಿದ್ದೆ. ಗಂಟಲು ಬೇಕರಿಯವರ ಪಕ್ಷ ವಹಿಸಿತು, ಹೊಟ್ಟೆ ಸೋಡಾದವರ ಪಕ್ಷ.

೨. ಸೋಸಿದ ನೀರು

ಆ ಕಾಲದಲ್ಲಿ ಸೋಡಾಕ್ಕೆ ಹೇಮಾವತಿಯ ನೀರು. ಒಮ್ಮೆ ಆರೋಗ್ಯ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರಂತೆ.

"ನೀರು ಸೋಸ್ತೀರೇನ್ರಿ?"

"ಎರಡ್ ಸಲ ಸೋಸ್ತೀವಿ ಸಾ," ಎಂದರಂತೆ ಸೋಡಾದವರ ತಂದೆ. "ಒಂದ್ಸಲ ಟವಲ್ಲಲ್ಲಿ, ಒಂದ್ಸಲ ಪಂಚೇಲಿ."

ಹೆಗಲ ಮೇಲೆ ಟವಲು ಕಾಣುತ್ತಿತ್ತು. ಸಾಹೇಬರು ಅದನ್ನು ನೋಡಿ, "ಪಂಚೆ ಎಲ್ಲಿ?" ಎಂದರು.

"ತಾವು ಬತ್ತೀರಾ ಅಂತ ಇವತ್ತು ಉಟ್ಕಂಡಿವ್ನಿ ಸಾ."

೩. ಬಾಟಲಿಯ ಕತ್ತು

ಸಮಿತಿಯವರು ಸಾಕ್ಷಿ ಕೇಳಿದರು. ಆಗಿನ ಸೋಡಾ ಬಾಟಲಿಗಳ ಮೇಲೆ ಮಾಲೀಕರ ಹೆಸರು ಉಬ್ಬಕ್ಷರದಲ್ಲಿರುತ್ತಿತ್ತು. ಅಂಥದ್ದೊಂದು ಸಿಕ್ಕರೂ ಸಾಕಿತ್ತು. ಆದರೆ ಸೋಡಾವನ್ನು ಅಂಗಡಿ ಮುಂದೆ ನಿಂತೇ ಕುಡಿದು ಬಾಟಲಿ ಕೊಟ್ಟು ಹೋಗಬೇಕು. ಹಾಗಾಗಿ ಯಾರ ಮನೆಗೂ ಅದು ಹೋಗಿರಲಿಲ್ಲ. ಅಂಗಡಿಯಲ್ಲಿದ್ದವು ಒಂದೊಂದಾಗಿ ಒಡೆದುಹೋಗಿದ್ದವು.

"ಒಂದೇ ಒಂದು ಕಳೆದೋಗಿತ್ತು ಸಾ," ಎಂದರು ಸೋಡಾದವರು. "ಬೇಜಾರ್ ಮಾಡ್ಕಬ್ಯಾಡಿ. ನಮ್ಮಪ್ಪಾರಿಗೆ ನಿಮ್ ತಂದೆಯೋರ ಮ್ಯಾಲೇ ಅನ್ಮಾನ."

ನಮ್ಮ ತಂದೆ ಸ್ಕೂಲು ಮೇಷ್ಟ್ರು. ಬಾಟಲಿಯೊಳಗೆ ಗೋಲಿ ಹೇಗೆ ಹೋಯಿತೆಂದು ಒಂದು ದಿನ ಬೆಳಕಿಗೆ ಹಿಡಿದು ನೋಡಿದ್ದರಂತೆ. ಅದೇ ವಾರ ಬಾಟಲಿ ಕಾಣೆಯಾಗಿದೆ. ಮೊನ್ನೆ ನನಗೆ ಸೋಡಾವನ್ನು ಲೋಟಕ್ಕೆ ಬಗ್ಗಿಸಿ ಕೊಟ್ಟದ್ದೇಕೆಂದು ಆಗ ತಿಳಿಯಿತು. ತಂದೆಯವರು ಕುಡಿಯುವಾಗಲಂತೂ, ಮುಗಿಯುವ ತನಕ ಬಾಟಲಿಯ ಕತ್ತನ್ನು ಅಂಗಡಿಯವರೇ ಹಿಡಿದು ನಿಲ್ಲುತ್ತಿದ್ದರು.

ನಮ್ಮ ತಂದೆ ಅದನ್ನು ಕೊನೆಯವರೆಗೂ ಮರ್ಯಾದೆ ಎಂದೇ ತಿಳಿದಿದ್ದರು.

೪. ಹಪ್ಪಳದ ಸಾಕ್ಷಿ

"ನಮ್ಮವ್ವನ್ನೇ ಕೇಳಾನ ಬನ್ನಿ," ಎಂದು ಬೇಕರಿಯವರು ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದರು. ತಾಯಿಗೆ ತೊಂಬತ್ತು ದಾಟಿದೆ, ಕಿವಿ ಚುರುಕಾಗಿದೆ. ಅಂಗಳದಲ್ಲಿ ಹಪ್ಪಳ ಒಣಗುತ್ತಿದ್ದವು. ಸೋಡಾದವರು ಅವನ್ನು ದಾಟುವಾಗ ಒಂದು ಕಾಲು ಎತ್ತಿದವರು ಹಾಗೇ ನಿಂತರು. ಹಪ್ಪಳ ಹಪ್ಪಳದ ಮೇಲೂ ತಿರುಗುಮುರುಗಾಗಿ ಅವರ ತಂದೆಯ ಹೆಸರಿತ್ತು.

ಪಡಸಾಲೆಯಲ್ಲಿ ಸೊಸೆ ಹಪ್ಪಳ ಒತ್ತುತ್ತಿದ್ದದ್ದು ಗೋಲಿ ಸೋಡಾ ಬಾಟಲಿಯಲ್ಲಿ.

"ಇದ್ಯಾವ ಕಾಲದ್ದಜ್ಜಿ?" ಎಂದೆ.

"ನಮ್ಮಂಗ್ಡಿ ಪೂಜೆ ದಿನದ್ದು ಕಣಪ್ಪ. ಮೊದಲ್ನೇ ಬನ್ನು ನಮ್ಮನೆಯೋರೇ ತಿಂದು ಗಂಟ್ಲಿಗೆ ಸಿಗಾಕುಸ್ಕಂಡ್ರು. ಪಕ್ಕದಂಗ್ಡೀಗೆ ಓಡೋದೆ, ಯಾರೂ ಇರ್ನಿಲ್ಲ, ನಾನೇ ಒಂದ್ ಸೋಡಾ ಎತ್ಕಂಡ್ ಬಂದು ಕುಡುಸ್ದೆ. ಬಾಟ್ಲಿ ಕೊಡಾನ ಅಂತಿದ್ದೆ. ಅಷ್ಟ್ರಲ್ಲಿ ಅಪ್ಪಳದ ಕಾಲ ಬಂದ್ಬುಡ್ತು."

ಬೇಕರಿ ಶುರುವಾದ ದಿನವೇ ಪಕ್ಕದಲ್ಲಿ ಸೋಡಾ ಇತ್ತು. 

"ಅವ್ವಾ, ಇಷ್ಟ್ ವರ್ಸ ಸುಮ್ಕಿದ್ದೋಳು ಇನ್ನೊಂದ್ ತಿಂಗ್ಳು ಸುಮ್ಕಿರ್ಬಾರ್ದಾಗಿತ್ತಾ!" ಎಂದರು ಬೇಕರಿಯವರು.

ಸೋಡಾದವರ ಕಣ್ಣು ತುಂಬಿ ಬಂತು. ಅಂಗಡಿಗೆ ಮರಳಿದ ಮೇಲೆ ಬಾಟಲಿಯನ್ನು ತಂದೆಯ ಫೋಟೋ ಮುಂದಿಟ್ಟು ನನ್ನ ಕೈ ಹಿಡಿದುಕೊಂಡರು. "ಮೇಷ್ಟ್ರು ದೇವ್ರಂಥೋರು ಸಾ. ಸುಮ್ ಸುಮ್ನೆ ಅನ್ಮಾನ ಪಟ್ವಿ. ದೊಡ್ ತಪ್ಪಾಯ್ತು."

ಈ ಸಲ ಲೋಟ ತರಲಿಲ್ಲ. ಹೊಸ ಬಾಟಲಿಯೊಂದರ ಗೋಲಿ ಒತ್ತಿ ನನ್ನ ಮುಂದೆ ಹಿಡಿದರು. ಸಂತೋಷದಿಂದ ತೆಗೆದುಕೊಂಡು ಬಾಯಿಗೆತ್ತಲು ನೋಡಿದೆ. ಮೇಲೇಳಲಿಲ್ಲ.

ಕತ್ತು ಅವರ ಕೈಯಲ್ಲೇ ಇತ್ತು.